ಪುಟಕ್ಕಿಷ್ಟು ಎಂದು ಓಲೆಗರಿಯ ಲೆಕ್ಕ ಹಾಕಬೇಡಿ: ಟೆಂಡರ್ ಬರೆಯುವವರಿಗೊಂದು ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳಿಗೆ, ವಿಶ್ವವಿದ್ಯಾಲಯಗಳ ಹಸ್ತಪ್ರತಿ ಭಂಡಾರಗಳ ಮುಖ್ಯಸ್ಥರಿಗೆ, ಮಠ-ಬಸದಿಗಳ ಆಡಳಿತ ಮಂಡಳಿಗಳಿಗೆ

ಮಾನ್ಯರೇ,

ಹಸ್ತಪ್ರತಿಗಳಿಗೆ ಈಗ ಮತ್ತೆ ದುಡ್ಡಿನ ಕಾಲ ಬಂದಿದೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಶುರುವಾದಾಗ ಕಂಡ ಉತ್ಸಾಹ, 2025ರ ಕೇಂದ್ರ ಬಜೆಟ್ಟಿನಲ್ಲಿ ಒಂದು ಕೋಟಿಗೂ ಮಿಕ್ಕಿ ಹಸ್ತಪ್ರತಿಗಳನ್ನು ತಲುಪುವ ಯೋಜನೆ ಪ್ರಕಟವಾದ ಮೇಲೆ ಚಿಗುರಿದೆ. ಸಂತೋಷ. ಆದರೆ ದುಡ್ಡಿನ ಹಿಂದೆ ಟೆಂಡರ್ ಬರುತ್ತದೆ, ಟೆಂಡರಿನೊಳಗೆ ‘ಸ್ಕ್ಯಾನ್ ಮಾಡಿದ ಪ್ರತಿ ಪುಟಕ್ಕೆ ಇಷ್ಟು ರೂಪಾಯಿ’ ಎಂಬ ಸಾಲು ಬರುತ್ತದೆ. ಈ ಪತ್ರ ಆ ಒಂದು ಸಾಲಿನ ಬಗ್ಗೆ. ಅದು ಹಾಗೇ ಉಳಿದರೆ ಎಷ್ಟು ಒಳ್ಳೆಯ ಕ್ಯಾಮೆರಾ ತಂದರೂ ಕೆಲಸ ಕೆಡುತ್ತದೆ.

ಮೊದಲನೆಯದಾಗಿ, ಓಲೆಕಟ್ಟಿನಲ್ಲಿ, ಅಂದರೆ ಬರೆದ ತಾಳೆಗರಿಗಳನ್ನು ದಾರದಲ್ಲಿ ಪೋಣಿಸಿದ ಕಟ್ಟಿನಲ್ಲಿ, ‘ಪುಟ’ ಎಂದರೆ ಯಾವುದು? ಗರಿಗೆ ಎರಡು ಬದಿ. ಒಂದು ಗರಿ ಒಂದು ಪುಟವೋ ಎರಡೋ ಎಂದು ಟೆಂಡರ್ ಹೇಳದಿದ್ದರೆ ಬಿಲ್ಲಿನ ದಿನ ಜಗಳ ಖಂಡಿತ. ಬರೆಯದ ಗರಿಗೆ ದುಡ್ಡು ಉಂಟೋ? ಮೂರು ತುಂಡಾದ ಗರಿ ಒಂದೋ ಮೂರೋ? ಇನ್ನು ಕಡತ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೆದದ್ದು. ಅದರ ಮಡಿಕೆಯನ್ನು ಪುಟವೆಂದು ಎಣಿಸಿದರೆ ಮಡಿಕೆಯ ಗೆರೆ ದಾಟಿ ಹೋಗುವ ಸಾಲು ಎರಡು ಚಿತ್ರಗಳ ನಡುವೆ ಬಿದ್ದುಹೋಗುತ್ತದೆ.

ಇದು ಬರೀ ಲೆಕ್ಕದ ತಕರಾರಲ್ಲ. ಪುಟಕ್ಕಿಷ್ಟು ಎಂದಾಗ ಗುತ್ತಿಗೆದಾರನ ಕೈ ತಾನಾಗಿ ಒಳ್ಳೆಯ ಕಟ್ಟಿನ ಕಡೆ ಹೋಗುತ್ತದೆ. ಸಮನಾದ, ಹುಳ ಹೊಡೆಯದ, ಮಸಿ ತುಂಬಿದ ಗರಿಗಳು ಸರಸರ ಮುಗಿಯುತ್ತವೆ. ಒಂದಕ್ಕೊಂದು ಅಂಟಿಕೊಂಡವು, ಅಂಚು ಪುಡಿಯಾದವು, ದಾರ ಕಿತ್ತು ಅದಲುಬದಲಾದವು ‘ಸ್ಥಿತಿ ಚೆನ್ನಾಗಿಲ್ಲ’ ಎಂಬ ಷರಾದೊಂದಿಗೆ ಬೀರುವಿಗೆ ವಾಪಸ್ಸು. ನಿಜಕ್ಕೂ ಮೊದಲು ಚಿತ್ರ ತೆಗೆಯಬೇಕಾದದ್ದು ಅವನ್ನೇ. ಇನ್ನೆರಡು ಮಳೆಗಾಲ ತಡೆಯುವ ಭರವಸೆ ಇಲ್ಲದವು ಅವೇ.

ಚಿತ್ರ ತೆಗೆಯುವ ವಿಷಯಕ್ಕೇ ಬರೋಣ. ಟೆಂಡರುಗಳಲ್ಲಿ ‘600 ಡಿಪಿಐ’ (ಇಂಚಿಗೆ 600 ಚುಕ್ಕೆ) ಎಂಬ ಮಂತ್ರ ಕಣ್ಣಿಗೆ ಬೀಳುತ್ತದೆ. ಲೆಕ್ಕ ಹಾಕಿ ನೋಡಿ. 45 ಸೆಂ.ಮೀ. ಉದ್ದದ ಗರಿ ಎಂದರೆ 17.7 ಇಂಚು. 600 ಬೇಕಾದರೆ ಗರಿಯ ತುದಿಯಿಂದ ತುದಿಗೆ 10,600ಕ್ಕೂ ಹೆಚ್ಚು ಪಿಕ್ಸೆಲ್ ಇರಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಉದ್ದಬದಿಯಲ್ಲಿ ಇರುವುದೇ 6,000. ಗರಿಯ ಎರಡೂ ತುದಿಗೆ ಎರಡೂವರೆ ಸೆಂ.ಮೀ. ಜಾಗ ಬಿಟ್ಟರೆ ಇಂಚಿಗೆ ಸಿಗುವುದು 300ರ ಆಸುಪಾಸು. 45 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಸುಮಾರು 8,200 ಪಿಕ್ಸೆಲ್, ಅಂದರೆ ಇಂಚಿಗೆ 415ರಷ್ಟು. 600 ಬೇಕೆಂದರೆ ಗರಿಯನ್ನು ಎರಡು ಭಾಗವಾಗಿ ತೆಗೆದು ಜೋಡಿಸಬೇಕು, ಆ ಕೆಲಸಕ್ಕೆ ದುಪ್ಪಟ್ಟು ಹೊತ್ತು. ಹಾಗಾದರೆ 600 ಎಂದು ಬರೆದುಕೊಂಡು ಬರುವ ಫೈಲುಗಳು ಎಲ್ಲಿಂದ ಬಂದವು? ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿದವು, ಇಲ್ಲವೇ ಫೈಲಿನ ಚೀಟಿಯಲ್ಲಿ ಸಂಖ್ಯೆ ಮಾತ್ರ ತಿದ್ದಿದವು. ಡಿಪಿಐ ಎಂಬುದು ಫೈಲಿನ ಮೇಲೆ ಅಂಟಿಸಿದ ಚೀಟಿ, ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಆದ್ದರಿಂದ ಪ್ರತಿ ಕಟ್ಟಿನ ಮೊದಲ ಚಿತ್ರದಲ್ಲಿ ಗರಿಯ ಪಕ್ಕ ಅಳತೆಪಟ್ಟಿ ಇಡಿಸಿ, ಪಟ್ಟಿಯ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಬಂದಿದೆ ಎಂದು ನೀವೇ ಎಣಿಸಿ. ಅಕ್ಷರದ ಎತ್ತರ 3 ಮಿ.ಮೀ. ಇದ್ದರೆ, ನಿಜವಾದ 400ರಲ್ಲಿ ಅದಕ್ಕೆ 47 ಪಿಕ್ಸೆಲ್ ಸಿಗುತ್ತದೆ. ಓದಲು, ಅಚ್ಚಿಗೆ, ಕಂಪ್ಯೂಟರಿಗೆ ಓದು ಕಲಿಸಲು ಇದು ಧಾರಾಳ. ಸುಳ್ಳು 600ಕ್ಕಿಂತ ನಿಜವಾದ 400 ಮೇಲು ಎಂದು ಟೆಂಡರಿನಲ್ಲಿ ಬರೆಯಲು ಅಂಜಬೇಡಿ.

ಫ್ಲ್ಯಾಟ್‌ಬೆಡ್ ಸ್ಕ್ಯಾನರು ಈ ಕೆಲಸಕ್ಕೆ ಬೇಡ. ಎ3 ಅಳತೆಯದೂ 42 ಸೆಂ.ಮೀ. ಆಸುಪಾಸಿಗೆ ಮುಗಿಯುತ್ತದೆ, ಉದ್ದದ ಗರಿ ಹಿಡಿಸುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಮುಚ್ಚಳದ ಭಾರ. ಒಣಗಿ ಬಾಗಿದ ಗರಿಯನ್ನು ಗಾಜಿನ ಮೇಲೆ ಒತ್ತಿದರೆ ದಾರದ ತೂತಿನ ಬಳಿ ಸೀಳುತ್ತದೆ. ಒತ್ತದಿದ್ದರೆ ಗಾಜಿನಿಂದ ಮೇಲೆದ್ದ ತುದಿ ಮಸುಕಾಗುತ್ತದೆ. ಮೇಲಿನಿಂದ ನೋಡುವ ಕ್ಯಾಮೆರಾ, ಅಲುಗದ ಸ್ಟ್ಯಾಂಡು, 60 ಮಿ.ಮೀ. ಮ್ಯಾಕ್ರೊ ಲೆನ್ಸು ಇದ್ದರೆ ಸಾಕು. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಲೆನ್ಸು ಗರಿಯಿಂದ ಹೆಚ್ಚುಕಡಿಮೆ 90 ಸೆಂ.ಮೀ. ಎತ್ತರದಲ್ಲಿ ಬರುತ್ತದೆ. ಎಫ್/8ರಲ್ಲಿ ಒಂದೆರಡು ಸೆಂ.ಮೀ. ಬಾಗಿದ ಗರಿಯೂ ತುದಿಯಿಂದ ತುದಿಗೆ ಚೊಕ್ಕವಾಗಿ ಬೀಳುತ್ತದೆ. ಗಾಜು ಹೇರುವ ಅಗತ್ಯವೇ ಇಲ್ಲ.

ಬೆಳಕು ಎರಡು ಬದಿಯಿಂದ, 45 ಡಿಗ್ರಿ ಓರೆಯಲ್ಲಿ. ಹಿಂದೆಂದೋ ಧಾರಾಳವಾಗಿ ಎಣ್ಣೆ ಸವರಿದ ಗರಿಗಳು ಕನ್ನಡಿಯಂತೆ ಹೊಳೆಯುತ್ತವೆ. ಅವಕ್ಕೆ ದೀಪದ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರು ಹಾಕಿ ಅಡ್ಡಕ್ಕೆ ತಿರುಗಿಸಿದರೆ ಹೊಳಪು ಹೋಗುತ್ತದೆ. ಇದರ ತದ್ವಿರುದ್ಧ ಕಷ್ಟ ಕೊಡುವುದು ಮಸಿ ತುಂಬದ ಗರಿ. ಉಕ್ಕಿನ ಕಂಠದಿಂದ (ಓಲೆಯ ಮೇಲೆ ಬರೆಯುವ ಮೊನೆಯಿಂದ) ಕೊರೆದ ಗೆರೆಗೆ ಬಣ್ಣ ಎಂಬುದೇ ಇಲ್ಲ. ಕಾಡಿಗೆ ತೀಡಿದಾಗ ಮಾತ್ರ ಅಕ್ಷರ ಎದ್ದು ಕಾಣುತ್ತದೆ. ಕಾಡಿಗೆ ಇಲ್ಲದ್ದಕ್ಕೆ ಹೊಸದಾಗಿ ತೀಡುವ ಅವಸರ ಬೇಡ. ಒಂದು ದೀಪ ಆರಿಸಿ, ಇನ್ನೊಂದನ್ನು ಗರಿಯ ಮಟ್ಟಕ್ಕೆ ಇಳಿಸಿ 15–20 ಡಿಗ್ರಿಯಲ್ಲಿ ಬೆಳಕು ಹಾಯಿಸಿದರೆ ಕೊರೆದ ಗೆರೆಗೆ ನೆರಳು ಬಿದ್ದು ಸಾಲು ಓದಲು ಬರುತ್ತದೆ. ಇಂಥ ಗರಿಗೆ ಎರಡು ಚಿತ್ರ ಬೇಕು, ಒಂದು ಸಮಬೆಳಕಿನದು, ಇನ್ನೊಂದು ಓರೆಬೆಳಕಿನದು. ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ ಎರಡನೆಯದಕ್ಕೆ ಜಾಗವೆಲ್ಲಿದೆ?

ಒಂದು ಸಣ್ಣ ಸಂಗತಿ: ಗರಿಯ ಕೆಳಗೆ ಹಾಸುವ ಬಟ್ಟೆಯ ಬಣ್ಣ. ಚಂದ ಕಾಣುತ್ತದೆಂದು ಕಪ್ಪು ಮಖಮಲ್ಲು ಹಾಸುವುದು ರೂಢಿ. ಹುಳ ತಿಂದ ತೂತಿನಿಂದ ಆ ಕಪ್ಪು ಇಣುಕಿದರೆ ಅದು ಮಸಿ ತುಂಬಿದ ಸೊನ್ನೆಯ ಹಾಗೇ ಕಾಣುತ್ತದೆ. ಚಿತ್ರ ನೋಡಿ ಓದುವವರಿಗೆ ಅನುಸ್ವಾರ ಯಾವುದು, ತೂತು ಯಾವುದು ತಿಳಿಯುವುದಿಲ್ಲ. ‘ಥ’ಕಾರದ ಚುಕ್ಕೆಯ ಜಾಗದಲ್ಲೂ ಇದೇ ಗತಿ. ಬಿಳಿ ಹಾಸಿದರೆ ಅಂಚಿನಲ್ಲಿ ಬೆಳಕು ಸೋರಿ ತುದಿಯ ಅಕ್ಷರ ಮಸುಕಾಗುತ್ತದೆ. ನಡುತರದ ಬೂದುಬಣ್ಣ ಹಾಸಿ. ಗರಿ ಕಂದು, ಅಕ್ಷರ ಕಪ್ಪು, ತೂತು ಬೂದು, ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ. ಒಂದು ಮೀಟರ್ ಬಟ್ಟೆಯ ಮಾತು ಇದು. ಟೆಂಡರಿನ ಮುನ್ನೂರು ಷರತ್ತುಗಳ ನಡುವೆ ಇದಕ್ಕೊಂದು ಸಾಲು ಕೊಡಿ.

ಒಂದೇ ಚೌಕಟ್ಟಿನಲ್ಲಿ ಐದಾರು ಗರಿ ಜೋಡಿಸಿ ತೆಗೆಯುವುದನ್ನು ಹಲವರು ಬೈಯುತ್ತಾರೆ. ಸ್ಪಷ್ಟತೆಯ ಮಟ್ಟಿಗೆ ಆ ಬೈಗುಳ ಸಲ್ಲದು. ಗರಿಯ ಉದ್ದವೇ ಚೌಕಟ್ಟನ್ನು ತುಂಬುವಾಗ ಒಂದಿದ್ದರೂ ಐದಿದ್ದರೂ ಇಂಚಿಗೆ ಪಿಕ್ಸೆಲ್ ಅಷ್ಟೇ. ಎಡವಟ್ಟಾಗುವುದು ತಿರುವಿ ಹಾಕುವಾಗ. ಐದು ಗರಿಯನ್ನು ಹಿಂಬದಿಗೆ ಮಗುಚುವಾಗ ಎರಡನೆಯದು ನಾಲ್ಕನೆಯದರ ಜಾಗಕ್ಕೆ ಹೋದರೆ, ಗರಿಯ ಅಂಕಿ ಒಂದೇ ಬದಿಯ ಎಡ ಅಂಚಿನಲ್ಲಿ ಇರುವುದರಿಂದ, ಹಿಂಬದಿಯ ಚಿತ್ರದಲ್ಲಿ ಯಾವುದು ಯಾವುದೆಂದು ಹೇಳಲು ಪದ್ಯವನ್ನೇ ಓದಿ ಕೂಡಿಸಬೇಕು. ಒಂದೊಂದೇ ಗರಿ, ಮುಂಬದಿ ಆದ ಕೂಡಲೇ ಹಿಂಬದಿ. ಇದರಲ್ಲಿ ರಾಜಿ ಬೇಡ.

ಫೈಲಿನ ಹೆಸರಿಗೂ ಇದೇ ಶಿಸ್ತು ಬೇಕು. 0417-036-1 ಎಂದರೆ 417ನೆಯ ಕಟ್ಟು, 36ನೆಯ ಗರಿ, ಮುಂಬದಿ. ಕೊನೆಯಲ್ಲಿ 2 ಇದ್ದರೆ ಹಿಂಬದಿ. ಇಲ್ಲಿಯ 36 ಕಟ್ಟು ಬಿಚ್ಚಿದಾಗ ಸಿಕ್ಕ ಕ್ರಮ. ಲಿಪಿಕಾರ ಬರೆದ ಅಂಕಿ ಪಟ್ಟಿಯಲ್ಲಿ ಬೇರೆ ಅಂಕಣಕ್ಕೆ ಹೋಗಬೇಕು, ಎರಡನ್ನೂ ಕಲಸಬಾರದು. ಅಂಚು ಸವೆದ ಗರಿಯಲ್ಲಿ ೩, ೬, ೯ ಮೂರೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಇಂದು ಒಬ್ಬರು ೬ ಎಂದು ಓದಿದ್ದನ್ನು ನಾಳೆ ಇನ್ನೊಬ್ಬರು ೯ ಎಂದು ತಿದ್ದಿದರೆ ಫೈಲಿನ ಹೆಸರು ಬದಲಾಗಕೂಡದು. ನಡುವೆ ಗರಿ ಕಳೆದಿದ್ದರೆ ‘37 ಇಲ್ಲ’ ಎಂದು ಚೀಟಿ ಬರೆದು ಅದರ ಚಿತ್ರ ತೆಗೆಯಿರಿ. ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ನೋಡುವವರಿಗೆ ಗರಿ ಕಳೆದದ್ದೋ ಕ್ಯಾಮೆರಾದವರು ಮರೆತದ್ದೋ ತಿಳಿಯುವ ದಾರಿಯಿಲ್ಲ. ದಾರ ಬಿಚ್ಚುವ ಮುನ್ನ ಇಡೀ ಕಟ್ಟಿನ ಚಿತ್ರ, ಮರದ ಹಲಗೆಗಳ ಒಳಬದಿಯ ಚಿತ್ರ ಆಗಲೇಬೇಕು. ಒಡೆಯನ ಹೆಸರೋ ಕೊಂಡ ಕ್ರಯವೋ ಹಲಗೆಯ ಮೇಲೇ ಇರುವುದುಂಟು.

ಕ್ಯಾಮೆರಾದ ಕೆಲಸ ಇಷ್ಟು. ಇದು ಒಟ್ಟು ದುಡಿಮೆಯ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಓದುವ ಕೆಲಸ. ಟೆಂಡರಿನಲ್ಲಿ ಅದಕ್ಕೆ ‘ಮೆಟಾಡೇಟಾ ಎಂಟ್ರಿ’ ಎಂಬ ಹೆಸರು, ಅದಕ್ಕೆ ತಕ್ಕಂತೆ ಬಿಡಿಗಾಸು.

ಕಟ್ಟೊಂದರಲ್ಲಿ ಕೃತಿ ಒಂದೇ ಇರಬೇಕೆಂದಿಲ್ಲ. ಮೊದಲ 80 ಗರಿ ಜೈಮಿನಿ ಭಾರತ, ಆಮೇಲೆ ಹತ್ತು ಗರಿ ಹಾವಿನ ಕಡಿತಕ್ಕೆ ಮದ್ದು, ಕೊನೆಗೆ ನಾಲ್ಕು ಗರಿ ಯಾರದೋ ಸಾಲದ ಲೆಕ್ಕ, ಹೀಗಿರುವ ಕಟ್ಟುಗಳು ಅಪರೂಪವಲ್ಲ. ಮೊದಲ ಗರಿ ಮಾತ್ರ ನೋಡಿ ‘ಜೈಮಿನಿ ಭಾರತ’ ಎಂದು ನಮೂದಿಸಿದರೆ ಆ ಮದ್ದಿನ ಪಾಠ ಇನ್ನು ಯಾರಿಗೂ ಸಿಗದು. ಬೀರುವಿನಲ್ಲಿ ಕಳೆದಿದ್ದದ್ದು ಈಗ ಸರ್ವರಿನಲ್ಲಿ ಕಳೆದಂತಾಯಿತು. ಲಿಪಿಯನ್ನೂ ಭಾಷೆಯನ್ನೂ ಒಂದೇ ಎಂದುಕೊಳ್ಳುವುದು ಇನ್ನೊಂದು ಮಾಮೂಲಿ ತಪ್ಪು. ಮೂಡುಬಿದಿರೆಯ ಧವಲಾ ಎಂಬ ಜೈನ ಗ್ರಂಥದ ಪ್ರತಿಗಳ ಲಿಪಿ ಹಳಗನ್ನಡದ್ದು, ಭಾಷೆ ಮುಖ್ಯವಾಗಿ ಪ್ರಾಕೃತ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಸಿಗುವ ತಿಗಳಾರಿ ಲಿಪಿಯ ಸಂಸ್ಕೃತ ಕಟ್ಟುಗಳನ್ನು ‘ಮಲಯಾಳಂ’ ಎಂದು ಬರೆದುಬಿಡುವವರಿದ್ದಾರೆ. ಅಕ್ಷರದ ಹೋಲಿಕೆ ಹಾಗಿದೆ. ನಮೂದಿಸುವವರಿಗೆ ಕನ್ನಡ, ತಿಗಳಾರಿ, ನಂದಿನಾಗರಿ, ಗ್ರಂಥ ಈ ನಾಲ್ಕು ಲಿಪಿಗಳನ್ನು ಕಂಡು ಗುರುತಿಸುವಷ್ಟಾದರೂ ತರಬೇತಿ ಆಗಿರಬೇಕು.

ಕಾಲದ ಅಂಕಣ ನೋಡಿ. ಗ್ರಂಥದ ಕೊನೆಯಲ್ಲಿ ಲಿಪಿಕಾರ ‘ವಿಕಾರಿ ಸಂವತ್ಸರದ ಮಾಘ ಶುದ್ಧ ಪಂಚಮಿ’ ಎಂದಷ್ಟೇ ಬರೆದು ಮುಗಿಸಿದ್ದಾನೆ ಎನ್ನೋಣ. ಶಕವರ್ಷ ಇಲ್ಲ. ಸಂವತ್ಸರದ ಚಕ್ರ 60 ವರ್ಷದ್ದು. ವಿಕಾರಿ 2019ರಲ್ಲಿ ಬಂದಿತ್ತು, ಹಾಗೇ ಹಿಂದಕ್ಕೆ 1959, 1899, 1839, 1779. ಯಾವುದೆಂದು ಅಕ್ಷರದ ಬಗೆ, ಗರಿಯ ಸ್ಥಿತಿ, ಒಡೆಯನ ವಂಶ ನೋಡಿ ತೀರ್ಮಾನಿಸಬೇಕು. ಆದರೆ ಸಾಫ್ಟ್‌ವೇರಿನ ಅಂಕಣ ನಾಲ್ಕಂಕಿಯ ಇಸವಿಯನ್ನಲ್ಲದೆ ಬೇರೇನನ್ನೂ ತೆಗೆದುಕೊಳ್ಳುವುದಿಲ್ಲ, ಖಾಲಿ ಬಿಟ್ಟರೆ ಮುಂದಕ್ಕೂ ಹೋಗುವುದಿಲ್ಲ. ಕುಳಿತ ಹುಡುಗ ಏನು ಮಾಡಬೇಕು? ಒಂದು ಇಸವಿ ಒತ್ತುತ್ತಾನೆ. ಆ ಇಸವಿ ಮುಂದೆ ಪಿಎಚ್.ಡಿ. ಪ್ರಬಂಧದಲ್ಲಿ ಆಧಾರವಾಗಿ ಕೂರುತ್ತದೆ. ಪುಷ್ಪಿಕೆಯನ್ನು (ಲಿಪಿಕಾರ ಕೊನೆಯಲ್ಲಿ ಬರೆದ ಈ ಸಾಲುಗಳನ್ನು) ಇದ್ದಂತೆಯೇ ನಕಲು ಮಾಡಲು ಒಂದು ಅಂಕಣ, ಊಹಿಸಿದ ಕಾಲಕ್ಕೆ ಇನ್ನೊಂದು, ಊಹೆಗೆ ಕಾರಣ ಬರೆಯಲು ಮತ್ತೊಂದು, ಮೂರೂ ಬೇರೆಬೇರೆ ಇರಲಿ. ಪ್ರತಿ ಕೃತಿಗೂ ಮೊದಲ ಎರಡು ಸಾಲು, ಕೊನೆಯ ಎರಡು ಸಾಲು ಕಡ್ಡಾಯವಾಗಿ ಬರೆಸಿ. ಕೃತಿಯ ಹೆಸರು ಗೊತ್ತಿಲ್ಲದಾಗ ಬೇರೆ ಭಂಡಾರದ ಪ್ರತಿಯೊಂದಿಗೆ ತಾಳೆ ನೋಡಿ ಗುರುತು ಹಿಡಿಯಲು ನೆರವಾಗುವುದು ಈ ನಾಲ್ಕು ಸಾಲು.

ಓದುವವರ ಬೆಲೆ ಏನೆಂದು ಮೈಸೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟ ಗ್ರಂಥಲಿಪಿಯ ಕಟ್ಟನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು. ಅದೇ ಕಟ್ಟಿನ ಚಿತ್ರ ತೆಗೆದು ‘ಸಂಸ್ಕೃತ, ನೀತಿ, ಅಪೂರ್ಣ’ ಎಂದು ನಮೂದಿಸಿ ಬಿಲ್ಲು ಪಾಸು ಮಾಡಿಸಿದ್ದರೆ ಏನಾಗುತ್ತಿತ್ತೋ ಊಹಿಸಿಕೊಳ್ಳಿ.

ಅಕ್ಷರ ಟೈಪು ಮಾಡುವಲ್ಲಿ ಯುನಿಕೋಡ್ ಬಿಟ್ಟು ಬೇರೇನನ್ನೂ ಒಪ್ಪಬೇಡಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ಪಟ್ಟಿ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಹುಡುಕಿದರೆ ಸಿಗದು. ಹಳಗನ್ನಡಕ್ಕೆ ಬೇಕಾದ ಱ, ೞ ಎರಡೂ ಯುನಿಕೋಡಿನಲ್ಲಿವೆ. (ೞಕಾರಕ್ಕೆ ಅಲ್ಲಿ ಮೊದಲೇ ‘ಫ’ ಎಂದು ತಪ್ಪು ಹೆಸರು ಬಿದ್ದುಬಿಟ್ಟಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲ. ಹೆಸರು ನೋಡಿ ಹೆದರಬೇಡಿ, ಅಕ್ಷರ ಸರಿಯಿದೆ.) ನಂದಿನಾಗರಿ 2019ರಲ್ಲಿ, ತುಳು-ತಿಗಳಾರಿ 2024ರಲ್ಲಿ ಯುನಿಕೋಡಿಗೆ ಸೇರಿವೆ, ‘ಆ ಲಿಪಿಗೆ ಸಂಕೇತವೇ ಇಲ್ಲ’ ಎಂಬ ನೆಪ ಇನ್ನು ನಡೆಯದು. ಆದರೆ ಯಂತ್ರವೇ ಓಲೆಗರಿ ಓದಿಕೊಡುತ್ತದೆ ಎಂದು ಯಾರಾದರೂ ಪ್ರಾತ್ಯಕ್ಷಿಕೆ ತೋರಿಸಿದರೆ ಸ್ವಲ್ಪ ನಿಧಾನಿಸಿ. ಗರಿಯಲ್ಲಿ ಪದಗಳ ನಡುವೆ ಜಾಗವಿಲ್ಲ. ಎ-ಏ, ಒ-ಓ ಭೇದವನ್ನು ಅನೇಕ ಲಿಪಿಕಾರರು ತೋರಿಸಿಯೇ ಇಲ್ಲ. ಪ-ವ, ದ-ಧ-ಥಗಳ ನಡುವಿನ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. ಯಂತ್ರಕ್ಕೆ ಕಲಿಸಲು ಮನುಷ್ಯರು ಸಾಲು ಸಾಲಾಗಿ ಓದಿ ಬರೆದುಕೊಟ್ಟ ಗರಿಗಳು ಬೇಕು. ಅಂಥ ಪಾಠ ಸಿದ್ಧಪಡಿಸಲು ದುಡ್ಡಿಡಿ, ಯಂತ್ರ ತಾನಾಗಿ ಬರುತ್ತದೆ.

ಇನ್ನು ಬಿಲ್ಲಿನ ಮಾತು. ಪುಟದ ದರ ತೆಗೆದುಹಾಕಿ, ಕಟ್ಟಿನ ದರ ಇಡಿ. ಅದಕ್ಕೂ ಮೊದಲು ಭಂಡಾರದವರೇ ಸಮೀಕ್ಷೆ ಮಾಡಿ ಕಟ್ಟುಗಳನ್ನು ಗಟ್ಟಿ, ನಾಜೂಕು, ಅಂಟಿಕೊಂಡದ್ದು ಎಂದು ಮೂರು ದರ್ಜೆಗೆ ಹಂಚಬೇಕು. ನಾಜೂಕಿನದಕ್ಕೆ ದರ ಜಾಸ್ತಿ. ಅಂಟಿಕೊಂಡವು ಟೆಂಡರಿಗೇ ಬರಬಾರದು, ಸಂರಕ್ಷಣೆ ಬಲ್ಲವರ ಕೈಗೆ ಹೋಗಬೇಕು. ಚಾಕು ತೂರಿಸಿ ಬಿಡಿಸಿದ ಗರಿಯ ಮೇಲ್ಪದರ ಪಕ್ಕದ ಗರಿಗೆ ಹತ್ತಿಕೊಂಡು ಬರುತ್ತದೆ. ಒಪ್ಪಂದದ ಮೊತ್ತದಲ್ಲಿ ಕಾಲುಭಾಗ ಗರಿ ಎಣಿಸಿದ ಪಟ್ಟಿ ಒಪ್ಪಿಸಿದಾಗ, ನೂರಕ್ಕೆ 35 ಚಿತ್ರಗಳು ತಪಾಸಣೆ ದಾಟಿದಾಗ, ಉಳಿದ 40 ವಿವರಪಟ್ಟಿಯನ್ನು ಬಲ್ಲವರು ಓದಿ ಸಹಿ ಹಾಕಿದಾಗ. ಈ ಕೊನೆಯ ಕಂತು ದೊಡ್ಡದಿದ್ದರೆ ಮಾತ್ರ ಗುತ್ತಿಗೆದಾರ ಓದುವವರನ್ನು ಹುಡುಕಿಕೊಂಡು ಹೋಗುತ್ತಾನೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರ ವಿಭಾಗವಿದೆ. ಅಂಥ ಕಡೆ ಕಲಿತವರಿಗೆ ಈ ಕೆಲಸದಲ್ಲಿ ಜಾಗ ಇರದಿದ್ದರೆ ಇನ್ನೆಲ್ಲಿ?

ತಪಾಸಣೆ ಎಂದರೆ ಫೋಲ್ಡರು ತೆರೆದು ಫೈಲು ಎಣಿಸುವುದಲ್ಲ. ನೂರಕ್ಕೆ ಐದರಂತೆ ಚಿತ್ರಗಳನ್ನು ಲಾಟರಿ ಎತ್ತಿದ ಹಾಗೆ ಆರಿಸಿ, ಪೂರ್ಣ ಅಳತೆಗೆ ಹಿಗ್ಗಿಸಿ, ಎಡತುದಿಯಲ್ಲಿ ಒಂದು, ಬಲತುದಿಯಲ್ಲಿ ಒಂದು ಒತ್ತಕ್ಷರ ಓದಿ. ನಡುವೆ ಚೆನ್ನಾಗಿದ್ದು ತುದಿಯಲ್ಲಿ ಮಸುಕಾದರೆ ಕ್ಯಾಮೆರಾ ಓರೆಯಾಗಿ ನಿಂತಿದೆ ಎಂದರ್ಥ, ಆಗ ಆ ದಿನದ ಅಷ್ಟೂ ಚಿತ್ರ ಅನುಮಾನಕ್ಕೆ ಒಳಗು. ಪರೀಕ್ಷಿಸಿದ ನೂರರಲ್ಲಿ ಒಂದಕ್ಕಿಂತ ಹೆಚ್ಚು ತಪ್ಪು ಕಂಡರೆ ಆ ಕಂತು ಪೂರ್ತಿ ಹಿಂದಕ್ಕೆ. ಇಬ್ಬರು ಅವಸರವಿಲ್ಲದೆ ಚಿತ್ರ ತೆಗೆದರೆ 200 ಗರಿಯ ಕಟ್ಟಿಗೆ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ದಿನಕ್ಕೆ ಸಾವಿರ ಗರಿ ಎನ್ನುವ ಕೊಟೇಶನ್ ಬಂದರೆ ಅದನ್ನು ಅಗ್ಗವೆಂದು ಒಪ್ಪಬೇಡಿ.

ದಾಸ್ತಾನು ಅಂಥ ದುಬಾರಿ ಬಾಬತ್ತಲ್ಲ. ಮೇಲೆ ಹೇಳಿದ ಅಳತೆಯ ಟಿಫ್ ಚಿತ್ರ, ಗರಿಯ ಸುತ್ತಲಷ್ಟೇ ಕತ್ತರಿಸಿಕೊಂಡರೆ, ಸುಮಾರು 32 ಎಂಬಿ. 200 ಗರಿಯ ಎರಡೂ ಬದಿಗೆ 13 ಜಿಬಿ ಸಾಕು. ಮೂರು ಪ್ರತಿ ಇರಲಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಊರಿನಲ್ಲಿ. ಪ್ರತಿ ಫೈಲಿಗೂ ಚೆಕ್‌ಸಮ್ (ಫೈಲು ಬದಲಾಗಿದೆಯೇ ಎಂದು ತಿಳಿಸುವ ಸಂಕೇತ) ಬರೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಹಾರ್ಡ್‌ಡಿಸ್ಕು ಭದ್ರ ಎಂದು ನಂಬಬೇಡಿ, ಐದಾರು ವರ್ಷ ತಿರುಗದೆ ಕೂತದ್ದು ಆರನೆಯ ವರ್ಷ ತಿರುಗದಿರಬಹುದು. ಚಿತ್ರಗಳನ್ನು ಗುತ್ತಿಗೆದಾರನದೇ ಸಾಫ್ಟ್‌ವೇರಿನೊಳಗೆ ಮಾತ್ರ ನೋಡಲು ಬರುವಂತೆ ಪಡೆಯಬೇಡಿ. 2020ರ ಕೊನೆಗೆ ಫ್ಲ್ಯಾಶ್ ನಿಂತಾಗ ಅದನ್ನೇ ನಂಬಿ ಕಟ್ಟಿದ್ದ ವೀಕ್ಷಕಗಳೆಲ್ಲ ಒಟ್ಟಿಗೇ ಕಣ್ಣು ಮುಚ್ಚಿದವು.

ಸಾರ್ವಜನಿಕರಿಗೆ ಕೊಡುವಾಗ ಗರಿಯ ನಟ್ಟನಡುವೆ ಸಂಸ್ಥೆಯ ಮುದ್ರೆ ಒತ್ತಿಸುವ ಚಾಳಿ ಬಿಡಿ. ಇರುವುದೇ ಐದಾರು ಸಾಲು, ಅದರಲ್ಲಿ ಎರಡನ್ನು ಮುದ್ರೆ ನುಂಗುತ್ತದೆ. ಕುಮಾರವ್ಯಾಸನಿಗೆ, ಲಕ್ಷ್ಮೀಶನಿಗೆ ಹಕ್ಕುಸ್ವಾಮ್ಯದ ಕಾಯ್ದೆ ಅನ್ವಯಿಸುವುದಿಲ್ಲ. ಭಂಡಾರದ ಹೆಸರು, ಕಟ್ಟಿನ ಸಂಖ್ಯೆ ಚಿತ್ರದ ಕೆಳಗಿನ ಪಟ್ಟಿಯಲ್ಲಿದ್ದರೆ ಸಾಕು. ಐಐಐಎಫ್ ಎಂಬ ಮುಕ್ತ ಮಾನದಂಡದಲ್ಲಿ ಪ್ರಕಟಿಸಿದರೆ ಮೈಸೂರಿನ ಪ್ರತಿಯನ್ನೂ, ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿಯ ಸಂಗ್ರಹದೊಂದಿಗೆ ಚೆನ್ನೈ ಸೇರಿದ ಪ್ರತಿಯನ್ನೂ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಪಾಠಾಂತರ ನೋಡಬಹುದು. ಗ್ರಂಥಸಂಪಾದನೆ ಮಾಡುವವರು ರೈಲು ಹತ್ತಿ ಊರೂರು ಅಲೆದು ಮಾಡುತ್ತಿದ್ದ ಕೆಲಸ ಅದು. ಮಠವೋ ಮನೆಯೋ ಕೆಲವು ಕಟ್ಟುಗಳನ್ನು, ಉಪದೇಶದ ಮಂತ್ರಗಳನ್ನು, ಜಮೀನಿನ ಕಡತಗಳನ್ನು, ಹೊರಗೆ ಬಿಡಬೇಡಿ ಎಂದರೆ ಒತ್ತಾಯ ಬೇಡ. ಆದರೆ ‘ಇಂಥದೊಂದು ಇದೆ’ ಎಂಬ ನಮೂದು ಮಾತ್ರ ಪಟ್ಟಿಯಲ್ಲಿ ಬಹಿರಂಗವಾಗಿರಲಿ.

ಕೊನೆಯದಾಗಿ, ಕಟ್ಟು ಕೊಟ್ಟ ಮನೆಯವರ ವಿಷಯ. ಅಟ್ಟದ ಮೇಲೆ ಒಲೆಯ ಹೊಗೆ ತಾಗುವಲ್ಲಿಟ್ಟು, ಬಜೆಯ ತುಂಡು ಸೇರಿಸಿ, ನವರಾತ್ರಿಯಲ್ಲಿ ಪೂಜೆಗಿಟ್ಟು ಇಷ್ಟು ಕಾಲ ಉಳಿಸಿದವರು ಅವರು. ಪೂಜೆಯ ಅರಿಸಿನ-ಕುಂಕುಮ ಗರಿಯ ಅಂಚಿಗೆ ಹತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಮೆತ್ತನೆಯ ಬ್ರಶ್ಶಿನಿಂದ ನಡುವಿನಿಂದ ಅಂಚಿನ ಕಡೆಗೆ ಉದುರಿಸಿ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟು ಬಿಚ್ಚಲೇಬೇಡಿ. ಎ.ಸಿ. ಕೋಣೆಯಿಂದ ಹೊರಗೆ ತಂದ ಗರಿಯ ಮೇಲೆ ತೇವ ಕೂರುತ್ತದೆ. ವಾಪಸ್ ಕೊಡುವಾಗ ಗಂಜಿ ಹಾಕದ, ಬಣ್ಣವಿಲ್ಲದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಕೆಂಪು ಬಟ್ಟೆ ಶುಭವೆಂಬುದೇನೋ ಸರಿ, ತೇವ ತಾಗಿದರೆ ಅದರ ಬಣ್ಣ ಗರಿಗೆ ಇಳಿಯುತ್ತದೆ. ನೈಲಾನ್ ದಾರ ತೂತನ್ನು ಕೊಯ್ಯುತ್ತದೆ, ನೂಲಿನ ದಾರ ಹಾಕಿ. ಚಿತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ, ವಿವರಪಟ್ಟಿಯನ್ನು ಕಾಗದದಲ್ಲಿ ಮನೆಯವರಿಗೆ ಕೊಡಿ. ಅವರ ಎದುರಿಗೇ ಗರಿ ಎಣಿಸಿ, ಬಂದಾಗ ಇದ್ದ ಸಂಖ್ಯೆಯೊಂದಿಗೆ ತಾಳೆ ನೋಡಿ, ಎರಡೂ ಕಡೆಯವರು ಸಹಿ ಹಾಕಿ. ಆ ರಸೀದಿಯ ನಕಲು ಬಿಲ್ಲಿಗೆ ಲಗತ್ತಾಗದೆ ಕೊನೆಯ ಕಂತು ಹೋಗಬಾರದು.

ಇಂತಿ,
ಓಲೆಗರಿ ಓದುವ, ಚಿತ್ರ ತೆಗೆಯುವ, ಪಟ್ಟಿ ಮಾಡುವ ಕೆಲವರು